ಗಡ್ಡ ಕಟ್ಟಿದ ದಫೇದಾರರು

ಒಬ್ಬರ ಬಟ್ಟೆ ಇನ್ನೊಬ್ಬರು ತೊಟ್ಟ ಕಡೆ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ನಾಟಕ ಕಂಪನಿಯಲ್ಲಿ ನಟರಿಗೆ ಬಣ್ಣ ಹಚ್ಚುತ್ತಿದ್ದ ನಾನು ರಂಗದ ಮೇಲೆ ಇಂಥದ್ದನ್ನು ಬೇಕಾದಷ್ಟು ಕಂಡಿದ್ದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಂಗದ ಹೊರಗೂ ಕಂಡೆ.

ಆಗ ನಮ್ಮ ಕಂಪನಿ ಶಿವಮೊಗ್ಗದ ದುರ್ಗಿಗುಡಿ ಪಕ್ಕದ ಬಯಲಿನಲ್ಲಿ ಕ್ಯಾಂಪ್ ಹಾಕಿತ್ತು. ಒಂದು ಬೆಳಿಗ್ಗೆ ಪೊಲೀಸ್ ಇನ್‌ಸ್ಪೆಕ್ಟರು ಒಬ್ಬ ದಫೇದಾರರನ್ನು ಕರೆದುಕೊಂಡು ಬಂದರು.

"ಭದ್ರಾವತಿ ಕಾರ್ಖಾನೆ ಸುತ್ತ ಗೂಢಚಾರರು ಓಡಾಡ್ತಿದ್ದಾರೆ ಅಂತ ಸುದ್ದಿ. ನಮ್ಮವರು ಮಫ್ತಿಯಲ್ಲಿ ಹೋದ್ರೂ ಜಟಕಾದವನು ದೂರದಿಂದ್ಲೇ ನಮಸ್ಕಾರ ಹಾಕ್ತಾನೆ. ಇವರಿಗೆ ಗುರುತು ಸಿಗದ ಹಾಗೆ ವೇಷ ಹಾಕಿಕೊಡು" ಎಂದರು.

ದಫೇದಾರರು ಎತ್ತರದ ಆಳು, ಕಿವಿಯತನಕ ಮೀಸೆ. ಇನ್‌ಸ್ಪೆಕ್ಟರು ಹೋದ ಮೇಲೆ ಮೆಲ್ಲಗೆ ಹೇಳಿದರು: "ನೋಡಪ್ಪ, ಹೆಂಡ್ತಿಗೆ ದಿನ ತುಂಬಿದೆ. ಇದರಲ್ಲಿ ಹೆಸರು ಕೆಟ್ರೆ ನನ್ನನ್ನ ಯಾವುದಾದ್ರೂ ಕಾಡಿನ ಠಾಣೆಗೆ ಎತ್ತಿ ಹಾಕ್ತಾರೆ. ನೀನು ಹೇಳಿದ ಹಾಗೆ ಕೇಳ್ತೀನಿ. ಮೀಸೆ ಮಾತ್ರ ಮುಟ್ಟಬೇಡ."

ಮೀಸೆ ಮುಚ್ಚುವ ಹಾಗೆ ಗಡ್ಡ ಕಟ್ಟುವುದೊಂದೇ ದಾರಿ ಉಳಿಯಿತು.

ಭಸ್ಮ

ಮೊದಲ ದಿನ ಸನ್ಯಾಸಿ ವೇಷ. ಕೋಟೆಯ ದೇವಸ್ಥಾನದ ಮುಂದೆ ಕೂರಿಸಿ, ಹೇಗೆ ನಡೆಯುತ್ತದೆ ನೋಡೋಣ ಎಂದು ನಾನೂ ಹೂವಿನಂಗಡಿ ಹತ್ತಿರ ನಿಂತೆ. ಒಬ್ಬ ಅಜ್ಜಿ ಬಂದು ಕಾಲಿಗೆ ಬಿದ್ದಳು.

"ಸ್ವಾಮಿ, ಮೊಮ್ಮಗನಿಗೆ ಜ್ವರ. ಒಂಚೂರು ಭಸ್ಮ ಕೊಡಿ."

"ಹೆಸರೇನು? ತಂದೆ ಹೆಸರು? ವಾಸ ಎಲ್ಲಿ?"

ಅಜ್ಜಿ ಎಲ್ಲ ಹೇಳಿದಳು.

"ಜ್ವರ ಯಾವಾಗಿಂದ? ಆ ಹೊತ್ತಲ್ಲಿ ಮನೇಲಿ ಯಾರ್ಯಾರಿದ್ರು? ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?"

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು. "ಬೇಡ ಬಿಡಿ ದಫೇದಾರ್ರೇ, ಡಾಕ್ಟರ ಹತ್ರಾನೇ ಹೋಗ್ತೀನಿ."

ಕಡಲೆಕಾಯಿ

ಆಮೇಲೆ ಕಡಲೆಕಾಯಿ ಮಾರುವವನ ವೇಷ ಹಾಕಿ ರೈಲು ನಿಲ್ದಾಣದ ಎದುರು ಕೂರಿಸಿದೆವು. ಬರುವ ಹೋಗುವ ಹೊಸಬರನ್ನು ನೋಡುವುದು ಅವರ ಕೆಲಸ. ರೈಲು ಬಂತು. ನಾಲ್ಕಾರು ಜನ ಬುಟ್ಟಿಯ ಸುತ್ತ ಮುಗಿಬಿದ್ದರು.

"ಏಯ್, ಸಾಲಾಗಿ ನಿಂತ್ಕೊಳ್ಳಿ" ಎಂದರು ದಫೇದಾರರು. ಆ ದನಿಗೆ ಎಲ್ಲರೂ ತೆಪ್ಪಗೆ ಸಾಲು ನಿಂತರು.

ಅದು ಎಲ್ಲದಕ್ಕೂ ರೇಷನ್ ಇದ್ದ ಕಾಲ. ಸಾಲು ಕಂಡರೆ ಜನ ಏನು ಎತ್ತ ಎಂದು ಕೇಳುತ್ತಿರಲಿಲ್ಲ, ಹಿಂದೆ ನಿಂತುಬಿಡುತ್ತಿದ್ದರು. ಸೀಮೆಎಣ್ಣೆ ಕೊಡುತ್ತಿದ್ದಾರೆ ಎಂದು ಯಾರೋ ಹಬ್ಬಿಸಿದರು. ಹೆಂಗಸರು ಬಾಟಲಿ ಹಿಡಿದು ಬಂದರು. ಸಾಲು ರಸ್ತೆ ದಾಟಿ ಜಟಕಾಗಳನ್ನು ತಡೆದಾಗ ಚದುರಿಸಲು ಒಬ್ಬ ಕಾನ್‌ಸ್ಟೇಬಲ್ ಓಡಿಬಂದ. ಲಾಠಿ ಎತ್ತಿದವನು ಬುಟ್ಟಿಯ ಹಿಂದಿನ ಕಣ್ಣು ನೋಡಿದ್ದೇ, ಕಾಲು ಅಪ್ಪಳಿಸಿ ಸಲ್ಯೂಟ್ ಹೊಡೆದ.

ಮಾರನೇ ದಿನದಿಂದ ಅಲ್ಲಿದ್ದ ನಿಜವಾದ ಕಡಲೆಕಾಯಿಯವನಿಗೂ ಊರವರು ಸಲ್ಯೂಟ್ ಹೊಡೆಯತೊಡಗಿದರು. ಯಾರಿಗೆ ಗೊತ್ತು ಅಂತ.

ಪರೀಕ್ಷೆ

ಇದೊಂದನ್ನು ದಫೇದಾರರೇ ನನಗೆ ಹೇಳಿದ್ದು. ವೇಷ ಎಷ್ಟು ಚೆನ್ನಾಗಿದೆ ನೋಡಲು ಕುರುಡು ಭಿಕ್ಷುಕನಾಗಿ ತಮ್ಮ ಮನೆ ಬಾಗಿಲಿಗೇ ಹೋದರಂತೆ. ಹೆಂಡತಿ ಮರುಮಾತಿಲ್ಲದೆ ರೊಟ್ಟಿ, ಪಲ್ಯ ಹಾಕಿದರು. ಇವರು ಒಳಗೊಳಗೇ ಹಿಗ್ಗಿ ತಿಂದು ಮುಗಿಸಿದರು.

"ಹೊಟ್ಟೆ ತುಂಬ್ತಾ?" ಎಂದರು ಆಕೆ. "ಈಗ ಆ ಗಡ್ಡ ಬಿಚ್ಚಿಟ್ಟು ಎರಡು ಕೊಡ ನೀರು ಸೇದಿಕೊಡಿ. ನನಗೆ ಬಗ್ಗೋಕಾಗಲ್ಲ."

ಠಾಣೆಯಲ್ಲಿ

ಶಿವಮೊಗ್ಗದಲ್ಲಿ ಎಲ್ಲರಿಗೂ ಗುರುತು ಸಿಕ್ಕಿಹೋದ ಮೇಲೆ ಅವರನ್ನು ಗಿಣಿಶಾಸ್ತ್ರದವನಾಗಿ ಮಾಡಿ ಭದ್ರಾವತಿಗೆ ಕಳಿಸಿದರು. ತಾವು ಯಾರೆಂದು ಯಾರ ಮುಂದೆಯೂ ಬಾಯಿ ಬಿಡಕೂಡದು ಎಂದು ಇನ್‌ಸ್ಪೆಕ್ಟರ ಕಟ್ಟಪ್ಪಣೆ. ಒಂದು ದಿನ ಗಡ್ಡದ ಅಂಟು ಬಿಟ್ಟಿದೆ ಎಂದು ದಫೇದಾರರು ಹೇಳಿಕಳಿಸಿದರು. ಸಂಜೆ ನಾಟಕವಿತ್ತು. ಬೇಗ ಹೋಗಿ ಬೇಗ ಬಂದರಾಯಿತು ಎಂದು ಬಣ್ಣದ ಪೆಟ್ಟಿಗೆ ಹಿಡಿದು ಬೆಳಗಿನ ರೈಲು ಹತ್ತಿದೆ.

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳು ತಡೆದು ಪೆಟ್ಟಿಗೆ ಬಿಚ್ಚಿಸಿದರು. ಒಳಗೆ ಮೂರು ಗಡ್ಡ, ನಾಲ್ಕೈದು ಮೀಸೆ, ಒಂದು ಉದ್ದ ಜಡೆ. ಗೂಢಚಾರ ಸಿಕ್ಕಿಬಿದ್ದ ಎಂದು ರಟ್ಟೆ ಹಿಡಿದರು.

"ಅಯ್ಯೋ, ಅಲ್ಲಿ ಗಿಣಿ ಇಟ್ಕೊಂಡು ಕೂತಿದ್ದಾರಲ್ಲ, ಅವರು ನಿಮ್ಮ ದಫೇದಾರ್ರೇ. ಬೇಕಾದ್ರೆ ಕೇಳಿ" ಎಂದೆ.

ದಫೇದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಮನುಷ್ಯನ್ನ ನಾನು ಕಂಡೇ ಇಲ್ಲ" ಎಂದರು. ಅಪ್ಪಣೆ ಅಂದರೆ ಅಪ್ಪಣೆ. ಗಿಣಿ ಸಮೇತ ಅವರನ್ನೂ ನನ್ನ ಜೊತೆ ಠಾಣೆಗೆ ಎಳೆದುಕೊಂಡು ಹೋದರು.

ಅಲ್ಲಿನ ಸಬ್ ಇನ್‌ಸ್ಪೆಕ್ಟರು ಹೊಸಬರು, ಮೀಸೆಯಿಲ್ಲದ ನುಣುಪು ಮುಖ. "ಬಣ್ಣದವನು ಅಂತೀಯ. ಹಾಗಾದ್ರೆ ನನಗೇ ಹಚ್ಚಿ ತೋರಿಸು" ಎಂದರು.

"ಯಾವ ವೇಷ ಹಾಕಲಿ ಸ್ವಾಮಿ?"

"ಯಾವುದು ಕಷ್ಟವೋ ಅದು."

"ಕಷ್ಟ ಅಂದ್ರೆ ಹೆಣ್ಣು ವೇಷ."

ಅವರು ಸ್ವಲ್ಪ ಯೋಚಿಸಿ ಬಾಗಿಲು ಮುಚ್ಚಿಸಿದರು. ಬಿಡುಗಡೆಯ ಆಸೆಗೆ ನಾನೂ ಮನಸಿಟ್ಟು ಹಚ್ಚಿದೆ. ಕೆನ್ನೆಗೆ ಕೆಂಪು, ಕಣ್ಣಿಗೆ ಕಾಡಿಗೆ, ತಲೆಗೆ ಜಡೆ. ಕನ್ನಡಿ ಕೊಟ್ಟರೆ ಕೆಳಗಿಡಲೇ ಇಲ್ಲ. "ಬೊಟ್ಟು ಇನ್ನೂ ಸ್ವಲ್ಪ ದೊಡ್ಡದಿರಲಿ" ಎಂದರು.

ಬೊಟ್ಟು ದೊಡ್ಡದು ಮಾಡುತ್ತಿದ್ದಾಗ ಹೊರಗೆ ಕಾರು ನಿಂತ ಸದ್ದಾಯಿತು. ಬಾಗಿಲು ತೆರೆಯಿತು. ಠಾಣೆ ತಪಾಸಣೆಗೆ ಬೆಂಗಳೂರಿನ ದೊಡ್ಡ ಸಾಹೇಬರು ಬಂದಿದ್ದರು. ಖಾಕಿ ತೊಟ್ಟ ಸುಂದರಿ ಜಡೆ ಮುಂದೆ ಬಿಟ್ಟುಕೊಂಡೇ ಎದ್ದು ಸಲ್ಯೂಟ್ ಹೊಡೆದಳು. ಮೂಲೆಯಲ್ಲಿದ್ದ ಗಿಣಿಶಾಸ್ತ್ರದವರಿಗೂ ಅಭ್ಯಾಸಬಲ, ಅವರೂ ಹೊಡೆದರು. ಗಡ್ಡ ಕಳಚಿ ಗಿಣಿಯ ಪಂಜರದ ಮೇಲೆ ಬಿತ್ತು.

ಸಾಹೇಬರು ಇಬ್ಬರನ್ನೂ ನೋಡಿ ನನ್ನ ಕಡೆ ತಿರುಗಿದರು. "ಈ ಠಾಣೆಯಲ್ಲಿ ಮನುಷ್ಯನ ಹಾಗೆ ಕಾಣೋನು ನೀನೊಬ್ಬನೇ. ಯಾರಪ್ಪ ನೀನು?"

ನಾನು ಕೈಮುಗಿದು ಇದ್ದದ್ದು ಹೇಳಿದೆ. "ಗೂಢಚಾರ ಅಂತ ಹಿಡಿದು ತಂದಿರೋದು ನನ್ನನ್ನೇ ಸ್ವಾಮಿ."

ಸಾಹೇಬರು ಕುರ್ಚಿ ಎಳೆದುಕೊಂಡು ಕೂತು, ಕಣ್ಣಲ್ಲಿ ನೀರು ಬರುವತನಕ ನಕ್ಕರು. ದಫೇದಾರರಿಗೆ, "ನಿನಗೆ ಯೂನಿಫಾರಂ ಸಾಕು, ಶಿವಮೊಗ್ಗಕ್ಕೆ ಹೋಗಿ ಹೆಂಡ್ತಿ ಹೆರಿಗೆ ನೋಡ್ಕೋ" ಎಂದರು. ನನ್ನನ್ನು ತಮ್ಮ ಕಾರಿನಲ್ಲೇ ಕಳಿಸಿಕೊಟ್ಟರು.

ಕ್ಯಾಂಪಿನ ಬಾಗಿಲಲ್ಲಿ ಕಂಪನಿಯ ಯಜಮಾನರು ಕಾಯುತ್ತ ನಿಂತಿದ್ದರು. "ಎಲ್ಲಿ ಹಾಳಾಗಿ ಹೋಗಿದ್ದೆ?"

"ಭದ್ರಾವತಿ ಠಾಣೇಲಿ, ಸಬ್ ಇನ್‌ಸ್ಪೆಕ್ಟರಿಗೆ ಹೆಣ್ಣು ವೇಷ ಹಾಕ್ತಿದ್ದೆ."

ಅವರು ನಿಟ್ಟುಸಿರು ಬಿಟ್ಟರು. "ಸುಳ್ಳು ಹೇಳು, ಬೇಡ ಅನ್ನಲ್ಲ. ನಂಬೋ ಹಾಗೆ ಹೇಳು ಮಾರಾಯ."