ಆರು ತಾಸು ಬೆಂದ ಬಂಗಡೆ

ಅಡುಗೆ ಕಷ್ಟದ ಕೆಲಸ ಎಂಬುದು ಹೆಂಗಸರು ಸೇರಿ ಹಬ್ಬಿಸಿದ ಸುದ್ದಿ ಎಂದು ನಲವತ್ತು ವರ್ಷ ನಾನು ನಂಬಿಕೊಂಡಿದ್ದೆ. ಅಕ್ಕಿ ಇದೆ, ನೀರಿದೆ, ಬೆಂಕಿ ಇದೆ. ಅವು ಮೂರೂ ಸೇರಿದ ಮೇಲೆ ಮನುಷ್ಯನಿಗೆ ಅಲ್ಲೇನು ಕೆಲಸ ಎಂಬುದು ನನ್ನ ವಾದವಾಗಿತ್ತು. ಈ ವಾದವನ್ನು ಪರೀಕ್ಷಿಸುವ ಅವಕಾಶ ಒಂದು ಅಕ್ಟೋಬರಿನಲ್ಲಿ ತಾನಾಗಿಯೇ ಒದಗಿ ಬಂತು.

ನನ್ನ ಹೆಂಡತಿ ಸುನಂದಾಳಿಗೆ ಗೋವಾದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಆರಕ್ಕೆ ನಮ್ಮ ಕಾರವಾರದ ಹಬ್ಬುವಾಡದ ತಿರುವಿನಲ್ಲಿ ಕಂಪನಿ ಬಸ್ಸು ಹತ್ತಿದರೆ, ಮಾಜಾಳಿಯ ಗಡಿ ದಾಟಿ ಹೋಗಿ, ಮರಳಿ ಬರುವಾಗ ಸಂಜೆ ಏಳು. ಮೊದಲ ಆರು ತಿಂಗಳು ರಜೆ ಇಲ್ಲ. ರಜೆ ಹಾಕಿದರೆ ಕೆಲಸವೇ ಇಲ್ಲ. ಅಷ್ಟರಲ್ಲಿ ನನ್ನ ತಾಯಿಯ, ಅಂದರೆ ಆಯಿಯ, ಕಣ್ಣಿನ ಪೊರೆ ತೆಗೆಸಬೇಕಾಯಿತು. ಮೂವತ್ತು ವರ್ಷ ಕಾರವಾರದ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರಿದವಳು ಆಯಿ. ಡಾಕ್ಟರು ಅವಳಿಗೆ ಕಪ್ಪು ಕನ್ನಡಕ ಹಾಕಿ, "ಒಂದೂವರೆ ತಿಂಗಳು ಒಲೆಯ ಹತ್ತಿರ ಹೋಗುವಂತಿಲ್ಲ" ಎಂದು ಅಪ್ಪಣೆ ಮಾಡಿದರು.

"ನಾನು ಕೆಲಸ ಬಿಡ್ತೆ," ಎಂದಳು ಸುನಂದಾ. "ಬೇರೆ ಎಂತ ಮಾಡೂಕೆ ಆಗ್ತದೆ?"

ಅವಳು ಅದನ್ನು ಸಲೀಸಾಗಿ ಹೇಳಿದಳು. ಆದರೆ ಹೇಳುವಾಗ ಕೈಯಲ್ಲಿದ್ದ ಕಂಪನಿಯ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ನನಗೆ ಪಿಚ್ಚೆನಿಸಿತು.

"ಬಿಡೂದು ಬೇಡ. ಅಡುಗೆ ನಾನು ಮಾಡ್ತೆ," ಎಂದೆ.

ಆಯಿ ಕನ್ನಡಕದೊಳಗಿಂದಲೇ ನನ್ನ ಕಡೆ ತಿರುಗಿದಳು. "ಯಾರು?"

ನನ್ನ ಧೈರ್ಯಕ್ಕೆ ಕಾರಣ ಕಪಾಟಿನ ಮೇಲಿತ್ತು. ಹಡಗಿನಲ್ಲಿ ಕೆಲಸ ಮಾಡುವ ಸುನಂದಾಳ ಅಣ್ಣ ದುಬೈಯಿಂದ ತಂದುಕೊಟ್ಟ ಸ್ಲೋ ಕುಕ್ಕರ್ ಅದು. ಒಳಗೆ ದಪ್ಪನೆಯ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಬಿಸಿ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಒಂದೇ ಒಂದು ಗುಬ್ಬಿ. ಬೆಳಿಗ್ಗೆ ಎಲ್ಲವನ್ನೂ ತುಂಬಿ ಸ್ವಿಚ್ ಹಾಕಿದರೆ, ನಾವು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಅದು ನಿಧಾನಕ್ಕೆ, ಯಾರ ಉಸ್ತುವಾರಿಯೂ ಇಲ್ಲದೆ, ಬೇಯಿಸಿ ಇಡುತ್ತದಂತೆ. ಎರಡು ವರ್ಷದಿಂದ ಯಾರೂ ಅದಕ್ಕೆ ಸ್ವಿಚ್ ಹಾಕಿರಲಿಲ್ಲ. ಪಿಂಗಾಣಿ ಪಾತ್ರೆಯಲ್ಲಿ ಆಯಿ ಉಪ್ಪುನೀರು ತುಂಬಿ ಮಾವಿನಕಾಯಿ ಹಾಕಿಟ್ಟಿದ್ದಳು.

ಮೊದಲ ದಿನ ಗಂಜಿ ಎಂದು ನಿರ್ಧರಿಸಿದೆ. ಪಾತ್ರೆ ತೊಳೆದು, ಉಕಡೆ ಅಕ್ಕಿ, ನೀರು ಹಾಕಿ, ಬೆಳಿಗ್ಗೆ ಏಳೂವರೆಗೆ ಸ್ವಿಚ್ ಒತ್ತಿದೆ. ಕೆಂಪು ದೀಪ ಹತ್ತಿತು. ರಾಕೆಟ್ ಹಾರಿಸಿದವನ ಗಾಂಭೀರ್ಯದಿಂದ ಐಸ್ ಫ್ಯಾಕ್ಟರಿಗೆ ಹೋದೆ. ನಾನು ಅಲ್ಲಿ ಗುಮಾಸ್ತ.

ಮಧ್ಯಾಹ್ನ ಒಂದಕ್ಕೆ ಬಂದು ಮುಚ್ಚಳ ತೆಗೆದರೆ, ಉಗುರುಬೆಚ್ಚಗಿನ ನೀರಿನ ತಳದಲ್ಲಿ ಅಕ್ಕಿ ಸಮಾಧಾನವಾಗಿ ಕೂತಿತ್ತು. ಎಂಟು ಗಂಟೆಗೆ ಹೋದ ಕರೆಂಟು ಬಂದದ್ದು ಹನ್ನೆರಡೂವರೆಗಂತೆ. ಆಯಿ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಟ್ ಎನಿಸಿದಳು.

"ಉದಯಾ, ಅಕ್ಕಿಯನ್ನು ಬೇಯಿಸೂಕೆ ಇಟ್ಟಿದ್ಯಾ, ಮೀಯಿಸೂಕೆ ಇಟ್ಟಿದ್ಯಾ?"

ಆ ದಿನ ನಾವಿಬ್ಬರೂ ಅವಲಕ್ಕಿ ತಿಂದೆವು. ಅವಲಕ್ಕಿ ನೆನೆಸಿದವನೂ ನಾನೇ ಎಂಬುದನ್ನು ದಾಖಲೆಗಾಗಿ ಹೇಳಿಡುತ್ತೇನೆ. ಸಂಜೆ ಸುನಂದಾ ಬಂದು "ಹೇಗಾಯ್ತು?" ಎಂದು ಕೇಳಿದಾಗ ಆಯಿ, "ಹೊಟ್ಟೆ ತುಂಬ್ತು," ಎಂದಷ್ಟೇ ಹೇಳಿ ನನ್ನ ಮಾನ ಉಳಿಸಿದಳು.

ಎರಡನೆಯ ದಿನ ತೊಗರಿಬೇಳೆ, ನುಗ್ಗೆಕಾಯಿ. ಯಂತ್ರವನ್ನು ಅದರ ಪಾಡಿಗೆ ಬಿಟ್ಟದ್ದೇ ಮೊದಲ ದಿನದ ತಪ್ಪು ಎಂದು ನನ್ನ ತನಿಖೆಯಿಂದ ಸಾಬೀತಾಗಿತ್ತು. ಹಾಗಾಗಿ ಗುಬ್ಬಿಯನ್ನು ಜೋರಿಗೆ ತಿರುಗಿಸಿ, ಫ್ಯಾಕ್ಟರಿಯಿಂದ ಸೈಕಲ್ ಹತ್ತಿ ತಾಸಿಗೊಮ್ಮೆ ಮನೆಗೆ ಬಂದು ಮುಚ್ಚಳ ತೆಗೆದು ನೋಡಿದೆ. ನಾಲ್ಕನೆಯ ಸಲ ಹೊರಟಾಗ ಮ್ಯಾನೇಜರು ಕನಿಕರದಿಂದ ಕೇಳಿದರು: "ಮನೇಲಿ ಯಾರದ್ದಾದ್ರೂ ಹೆರಿಗೆ ಅದ್ಯನಾ?"

"ಇಲ್ಲ ಸರ್, ಬೇಳೆ," ಎಂದೆ.

ಒಮ್ಮೆ ಮುಚ್ಚಳ ತೆಗೆದರೆ ಹೋದ ಬಿಸಿ ಮರಳಿ ಬರಲು ಅರ್ಧ ತಾಸು ಬೇಕು ಎಂದು ಕುಕ್ಕರಿನ ಜೊತೆ ಬಂದ ಪುಸ್ತಕದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ರಾತ್ರಿಯ ಊಟಕ್ಕೆ ಕೂತಾಗ. ನುಗ್ಗೆಕಾಯಿ ಬೆಂದಿತ್ತು. ಬೇಳೆ ಬೇರೆ ಬೇರೆಯಾಗಿ, ಒಂದೊಂದು ಕಾಳೂ ಸ್ವತಂತ್ರವಾಗಿ ಉಳಿದಿತ್ತು. ಇಡೀ ಸಾರಿಗೆ ಉಪ್ಪಿನ ಮಾವಿನಕಾಯಿಯ ವಾಸನೆ. ಸುನಂದಾ ತಟ್ಟೆ ಖಾಲಿ ಮಾಡಿದಳು. ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಡುಗೆ ಮಾಡಿಟ್ಟು ಹೋದಳು. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನ ಬಸ್ಸಿನಲ್ಲಿ ನಿದ್ದೆ ಹೋಗಿ, ಕಾರ್ಖಾನೆಯ ಮುಂದೆ ಇಳಿಯದೆ, ಬಸ್ಸು ನಿಲ್ಲಿಸುವ ಶೆಡ್ಡಿಗೇ ಹೋಗಿ ಇಳಿದಳಂತೆ.

ಅಂಕೋಲೆಯಲ್ಲಿರುವ ಅವಳ ತಾಯಿಗೆ ಈ ಸುದ್ದಿ ಹೇಗೋ ಮುಟ್ಟಿತು. ಶನಿವಾರ ಬರುತ್ತೇನೆ, ಆಯಿಯ ಕಣ್ಣು ನೋಡಿದ ಹಾಗೂ ಆಯಿತು, ಮಗಳಿಗೆ ಕೆಲಸ ಬಿಡಲು ಹೇಳಿದ ಹಾಗೂ ಆಯಿತು ಎಂದು ಫೋನ್ ಮಾಡಿದರು. ಶನಿವಾರ ಸುನಂದಾಳಿಗೆ ರಜೆ ಇರಲಿಲ್ಲ. ಅತ್ತೆಯ ಮುಂದೆ ಒಂದು ಒಳ್ಳೆಯ ಊಟ ಇಟ್ಟರೆ ಹೆಂಡತಿಯ ಕೆಲಸ ಉಳಿಯುತ್ತದೆ, ಇಡದಿದ್ದರೆ ಹೋಗುತ್ತದೆ. ಇಷ್ಟು ಸ್ಪಷ್ಟವಾದ ಪರೀಕ್ಷೆ ನಾನು ಶಾಲೆಯಲ್ಲೂ ಬರೆದಿರಲಿಲ್ಲ.

ನಾನು ಪುಸ್ತಕವನ್ನು ಮೊದಲಿನಿಂದ ಓದಿದೆ. ಅದರಲ್ಲಿ ಮಾಂಸದ ಅಡುಗೆಯ ದೊಡ್ಡ ಬಣ್ಣದ ಚಿತ್ರವಿತ್ತು. ಜೋರಿನಲ್ಲಿ ಆರು ತಾಸು ಎಂದು ಬರೆದಿತ್ತು. ಅವರ ದೇಶದಲ್ಲಿ ಮಾಂಸ, ನಮ್ಮಲ್ಲಿ ಮೀನು. ಎರಡೂ 'ಮ'ದಿಂದಲೇ ಶುರುವಾಗುತ್ತವೆ. ಇಷ್ಟಕ್ಕೆಲ್ಲ ಯಾರನ್ನು ಕೇಳುವುದು?

ಶನಿವಾರ ನಸುಕಿನಲ್ಲೇ ಹನ್ನೆರಡು ತಾಜಾ ಬಂಗಡೆ ತಂದೆ. ಕಾಯಿ, ಒಣಮೆಣಸು ರುಬ್ಬುವ ಕೆಲಸವನ್ನು ಸುನಂದಾ ಹಿಂದಿನ ಸಂಜೆಯೇ ಮಾಡಿಟ್ಟಿದ್ದಳು. ಎಲ್ಲವನ್ನೂ ತುಂಬಿ ಏಳಕ್ಕೆ ಸ್ವಿಚ್ ಹಾಕಿದೆ. ಈ ಸಲ ಮುಚ್ಚಳವನ್ನು ಮುಟ್ಟಲಿಲ್ಲ. ರಜೆ ಹಾಕಿ ಯಂತ್ರದ ಎದುರೇ ಕುರ್ಚಿ ಹಾಕಿಕೊಂಡು ಕೂತೆ. ಆ ವರ್ಷ ಕರೆಂಟು ಇಡೀ ದಿನ ಹೋಗದೆ ಇದ್ದದ್ದು ಅದೊಂದೇ ಶನಿವಾರ ಇರಬೇಕು.

ಹನ್ನೊಂದಕ್ಕೆ ಅತ್ತೆ ಬಂದರು. ಅವರದೂ ದೋಣಿಯ ಮನೆತನ. ಮೀನಿನ ವಿಷಯದಲ್ಲಿ ಅವರನ್ನು ಮೋಸ ಮಾಡಲು ಸಮುದ್ರಕ್ಕೂ ಆಗುವುದಿಲ್ಲ. ಒಳಗೆ ಬಂದವರೇ ಮೂಗು ಎತ್ತಿದರು.

"ಮೀನು ಎಷ್ಟೊತ್ತಿಗೆ ಇಟ್ರಿ?"

"ಏಳು ಗಂಟೆಗೆ, ಅತ್ತೆ. ಇನ್ನು ಎರಡು ತಾಸು ಅದೆ."

ಅತ್ತೆ ಆಯಿಯ ಮುಖ ನೋಡಿದರು. ಕಪ್ಪು ಕನ್ನಡಕದ ಹಿಂದೆ ಆಯಿ ಏನು ಸನ್ನೆ ಮಾಡಿದಳೋ ತಿಳಿಯಲಿಲ್ಲ. ಇಬ್ಬರೂ ಜಗಲಿಗೆ ಹೋಗಿ ಕೂತರು.

ಒಂದಕ್ಕೆ ಮುಚ್ಚಳ ತೆಗೆದೆ. ಹನ್ನೆರಡು ಬಂಗಡೆಗಳು ಇರಲಿಲ್ಲ. ಕಂದು ಬಣ್ಣದ ಅಂಬಲಿ ಇತ್ತು, ಅದರಲ್ಲಿ ಬಾಚಣಿಗೆ ಮುರಿದು ಹಾಕಿದಂತೆ ಮುಳ್ಳುಗಳು ನಿಂತಿದ್ದವು. ಸೌಟು ಹಾಕಿ ತಿರುವಿದೆ. ಒಂದು ಬಾಲ ಮೇಲೆ ಬಂದು, ನನ್ನನ್ನು ನೋಡಿ, ಅದೂ ಕರಗಿತು.

ಆಗ ನನಗೆ ಹೊಳೆದ ಉಪಾಯ ಚಹಾ ಸೋಸುವ ಜರಡಿ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅಂಬಲಿಯನ್ನೆಲ್ಲ ಜರಡಿಯಲ್ಲಿ ಹಿಂಡಿ, ಮುಳ್ಳು ಬೇರೆ ಮಾಡಿದೆ. ಸುನಂದಾ ಬೆಳಿಗ್ಗೆಯೇ ಅನ್ನ ಮಾಡಿಟ್ಟು ಹೋಗಿದ್ದಳು. ಅದರ ಮೇಲೆ ಇದನ್ನು ಸುರಿದು, ಗೋವಾದ ದೊಡ್ಡ ಹೋಟೆಲುಗಳಲ್ಲಿ ಹೀಗೇ ಕೊಡುತ್ತಾರೆ ಎಂಬ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಉರು ಹೊಡೆದು, ತಟ್ಟೆಗಳನ್ನು ಹೊರಗೆ ತಂದೆ.

ಆಯಿ ಬೆರಳಿನಿಂದ ತಟ್ಟೆಯ ಒಂದು ಬದಿ ತಡಕಿದಳು. ಇನ್ನೊಂದು ಬದಿ ತಡಕಿದಳು. ಅನ್ನ ಸರಿಸಿ ಕೆಳಗೆ ನೋಡಿದಳು. ಆಮೇಲೆ ಕೈ ನಿಲ್ಲಿಸಿದಳು.

"ಉದಯಾ, ನನ್ನ ಕಣ್ಣು ಹೋಯ್ತು ಮಗಾ. ಡಾಕ್ಟರ್ ಹಾಳು ಮಾಡಿದ."

ಗೋವಾದ ಹೋಟೆಲು ಮರೆತೇ ಹೋಯಿತು. ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ.

"ಆಯಿ, ಎದುರಿಗೆ ಯಾರಿದ್ದಾರೆ ಹೇಳು."

"ನಿನ್ನ ಅತ್ತೆ. ನೀಲಿ ಸೀರೆ."

"ಗೋಡೆ ಮೇಲೆ?"

"ಗಡಿಯಾರ. ಒಂದೂವರೆ."

"ಮತ್ತೆ? ನಿನ್ನ ಕಣ್ಣು ಸರಿಯಾಗೇ ಅದೆ."

"ಹಾಗಾದ್ರೆ ಮೀನೆಲ್ಲಿ?"

ಅಡುಗೆಮನೆಗೆ ಹೋಗಿ ಮುಳ್ಳಿನ ಬಟ್ಟಲನ್ನು ತಂದು ಇಬ್ಬರ ನಡುವೆ ಇಟ್ಟೆ. ಅತ್ತೆ ಅದನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕತೊಡಗಿತು. ಆಮೇಲೆ ಆಯಿಯೂ ಶುರು ಮಾಡಿದಳು. ನಗುತ್ತಾ ಕಣ್ಣೊರೆಸಲು ಹೋದವಳನ್ನು ಅತ್ತೆ ಕೈ ಹಿಡಿದು ತಡೆದರು: "ಕಣ್ಣು ಮುಟ್ಟೂಕಿಲ್ಲ ವೈನಿ, ಡಾಕ್ಟರ್ ಹೇಳಿದ್ದಾರೆ." ಹಾಗೆ ಹೇಳುತ್ತಲೇ ತಾವೂ ಬಿದ್ದು ಬಿದ್ದು ನಕ್ಕರು.

ಸಂಜೆ ಸುನಂದಾ ಬಂದಾಗ ಬಾಗಿಲಲ್ಲೇ ತಾಯಿಯ ಮುಖ ನೋಡಿ ನಿಂತಳು. ನಾನು ತಲೆ ತಗ್ಗಿಸಿ ಪಾತ್ರೆ ಉಜ್ಜುತ್ತಿದ್ದೆ.

"ನೀ ಕೆಲಸ ಬಿಡೂದು ಬೇಡ," ಎಂದರು ಅತ್ತೆ. "ವೈನಿ ಕಣ್ಣು ವಾಸಿ ಆಗೂವರೆಗೆ ನಾ ಇಲ್ಲೇ ಇರ್ತೆ. ಇವರ ಕೈಲಿ ಮನೆ ಬಿಟ್ಟು ಹೋಗೂಕೆ ನಂಗೆ ಧೈರ್ಯ ಇಲ್ಲ."

ಸುನಂದಾ ನನ್ನನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಸಡಿಲವಾಗಿತ್ತು. ನನ್ನ ಅಡುಗೆಯಿಂದ ಅವಳ ಕೆಲಸ ಉಳಿಯಿತು ಎಂದು ನಾನು ಈಗಲೂ ಹೇಳಿಕೊಳ್ಳುತ್ತೇನೆ. ಅದು ಸುಳ್ಳಂತೂ ಅಲ್ಲ.

ಅತ್ತೆ ಇದ್ದಷ್ಟು ದಿನ ನಾನು ಅವರ ಕೈಕೆಳಗೆ ಗ್ಯಾಸಿನ ಮೇಲೆ ಅಡುಗೆ ಕಲಿತೆ. ಕಾಯಿ ತುರಿಯುವುದು, ಮೀನು ಸೀಳುವುದು, ಕುದಿ ಬಂದ ಮೇಲೆ ಮೀನು ಹಾಕಿ ಹತ್ತು ನಿಮಿಷಕ್ಕೆ ಇಳಿಸುವುದು. ಅವರು ಊರಿಗೆ ಹೊರಡುವ ಭಾನುವಾರ ಬಂಗಡೆ ಸಾರನ್ನು ನಾನೊಬ್ಬನೇ ಮಾಡಿದೆ. ಎಲ್ಲರೂ ಹೊಟ್ಟೆ ತುಂಬ ಉಂಡರು. ಆಯಿ ಎರಡನೆಯ ಸಲ ಹಾಕಿಸಿಕೊಂಡಳು. ಅತ್ತೆಯ ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ನಡೆಯುವಾಗ ನನ್ನ ಎದೆ ಅಂಗಿಯೊಳಗೆ ಹಿಡಿಯುತ್ತಿರಲಿಲ್ಲ.

"ಇನ್ನು ಅಡುಗೆ ನಾನೊಬ್ಬನೇ ಮಾಡಬಹುದಲ್ಲ, ಅತ್ತೆ?"

"ಮಾಡಬಹುದು," ಎಂದರು ಅತ್ತೆ, ಬಸ್ಸಿನ ಮೆಟ್ಟಿಲು ಹತ್ತುತ್ತಾ. "ನೀವು ಪೇಪರ್ ನೋಡೂಕೆ ಹೋದಾಗ ಹುಳಿ ನಾ ಹಾಕಿದ್ದೆ. ಉಪ್ಪು ವೈನಿ ಹಾಕಿದ್ರು. ಗ್ಯಾಸು ಸುನಂದಾ ಆರಿಸಿದ್ಲು. ಮಿಕ್ಕಿದ್ದೆಲ್ಲ ನೀವೇ ಮಾಡಿದ್ದು."

ಬಸ್ಸು ಹೊರಟಿತು. ಮಿಕ್ಕಿದ್ದು ಯಾವುದೆಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ. ಮೀನು ತಂದವನು ನಾನೇ, ಅದರಲ್ಲಿ ಅನುಮಾನವಿಲ್ಲ. ಒಳ್ಳೆಯದನ್ನು ಆರಿಸಿಕೊಟ್ಟವಳು ಮಾತ್ರ ಪೇಟೆಯಲ್ಲಿ ಮೀನು ಮಾರುವವಳು.