ಬಾವನನ್ನು ಹೆಪ್ಪುಗಟ್ಟಿಸುವ ಖರ್ಚು

ಸಾವಿನ ಮನೆಗಳಿಗೆ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಕೊಡುವ ಕಸುಬು ನನ್ನದು. ಭಾರತೀನಗರದಲ್ಲಿ ಅಂಗಡಿ. ಈ ಕಸುಬಿನಲ್ಲಿ ನಗು ಬರುವಂಥದ್ದು ನಡೆಯುತ್ತಲೇ ಇರುತ್ತದೆ. ಆದರೆ ನಮ್ಮ ಬಾವನ ವಿಷಯದಲ್ಲಿ ನಗುವ ಮೊದಲು ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

೧. ತಲೆಯೊಂದೇ

ಬಾವ ಶಿವನಸಮುದ್ರದ ಕರೆಂಟು ಉತ್ಪಾದನಾ ಕೇಂದ್ರದಲ್ಲಿದ್ದು ರಿಟೈರ್ ಆದವರು. ಮಳವಳ್ಳಿಯಲ್ಲಿ ಮನೆ. ಅಕ್ಕನ ಮಂಡಿ ಎರಡೂ ಸವೆದು, ಗೋಡೆ ಹಿಡಿದು ನಡೆಯುತ್ತಾಳೆ. ಆಪರೇಷನ್ನಿಗೆಂದೇ ಇಬ್ಬರ ಹೆಸರಲ್ಲೂ ಠೇವಣಿ ಇತ್ತು. ಅದನ್ನು ಮುರಿದು ವಿದೇಶದ ಯಾವುದೋ ಕಂಪನಿಗೆ ಕಟ್ಟುತ್ತೇನೆ ಅಂತ ಈ ಮನುಷ್ಯ ಹಟ ಹಿಡಿದರು. ಸತ್ತ ಮೇಲೆ ಕಂಪನಿಯವರು ಹೆಣವನ್ನು ಹೆಪ್ಪುಗಟ್ಟಿಸಿ ಇಟ್ಟಿರುತ್ತಾರಂತೆ, ಮುಂದೆಂದೋ ಔಷಧಿ ಸಿಕ್ಕಾಗ ಎಬ್ಬಿಸುತ್ತಾರಂತೆ. ಹೊರದೇಶದವರಿಗೆ ರೇಟು ಜಾಸ್ತಿ, ವಿಮಾನದ ಖರ್ಚು ಬೇರೆ.

“ಪೂರ್ತಿ ಮೈಗೆ ದುಡ್ಡು ಸಾಲಕಿಲ್ಲ. ತಲೆ ಒಂದೇ ಆದ್ರೆ ಕಮ್ಮಿಯಂತೆ ಕಣ್ಲಾ,” ಅಂದರು ನನಗೆ.

ಅಡುಗೆಮನೆಯಿಂದ ಅಕ್ಕ, “ಕೆಟ್ಟಿರದೇ ಅದು. ಅದ್ನ ಯಾಕ್ ಮಡಿಕತ್ತಾರೆ?” ಅಂದಳು.

೨. ಐಸು

ಉಸಿರು ನಿಂತ ತಕ್ಷಣ ಮೈತುಂಬ ಐಸು ಸುರಿಯಬೇಕಂತೆ. ಕಂಪನಿಯವರು ಬರುವ ತನಕ ಅದು ನಮ್ಮ ಕೆಲಸವಂತೆ. ಕಾಸು ಅವರಿಗೆ, ಚಾಕರಿ ನನಗೆ. ಬೈದುಕೊಂಡೇ ಬಾವನನ್ನು ಮದ್ದೂರಿನ ಒಂದು ಐಸ್ ಫ್ಯಾಕ್ಟರಿಗೆ ಕರೆದುಕೊಂಡು ಹೋದೆ.

“ಯಾವತ್ತಿಗೆ ಬೇಕು ಸಾ?” ಅಂದ ಐಸಿನವನು.

“ಇನ್ನೂ ದಿನ ಗೊತ್ತಾಗಿಲ್ಲ,” ಅಂದರು ಬಾವ.

“ಎಣ್ಣಿನ ಕಡೆಯೋರು ಒಪ್ಪಿಲ್ವಾ?”

“ಎಣ್ಣಿನ ಕಡೆಯೋನು ನಾನೇ ಕಣಪ್ಪ. ಒಪ್ಪಿಲ್ಲ,” ಅಂದೆ.

೩. ಬಾಕಿ

ಸತ್ತರೆ ಪೆನ್ಷನ್ ನಿಲ್ಲುತ್ತದಲ್ಲ, ಎದ್ದ ಮೇಲೆ ಊಟಕ್ಕೇನು ಮಾಡುತ್ತೀರಿ ಅಂತ ಒಂದು ದಿನ ಸಿಟ್ಟಿನಲ್ಲೇ ಕೇಳಿದೆ. ಬದುಕಿದ್ದೇನೆ ಅಂತ ತೋರಿಸಲು ಪ್ರತಿ ನವೆಂಬರಿನಲ್ಲಿ ಎಲ್ಲರಿಗಿಂತ ಮುಂಚೆ ಹೋಗಿ ಹೆಬ್ಬೆಟ್ಟು ಒತ್ತಿ ಬರುವ ಮನುಷ್ಯ ಅವರು. ಗಂಭೀರವಾಗಿ ಯೋಚಿಸಿದರು.

“ಎದ್ದ ತಿಂಗಳೇ ಓಗಿ ಎಬ್ಬೆಟ್ಟು ಒತ್ಬುಟ್ರೆ ಆಯ್ತು. ಅಷ್ಟೂ ವರ್ಸದ್ದು ಅರಿಯರ್ಸ್ ಸಮೇತ ಬತ್ತದೆ.”

೪. ಮಂಡಿ

ಠೇವಣಿ ಮುರಿಯಲು ಅಕ್ಕನ ಸಹಿಯೂ ಬೇಕು. ಬಾವ ಅವಳನ್ನು ಆಟೋದಲ್ಲಿ ಕೂರಿಸಿ ಬ್ಯಾಂಕಿಗೆ ಕರೆತಂದರು. ನಾನೂ ಜೊತೆಗಿದ್ದೆ. ಮೆಟ್ಟಿಲು ಹತ್ತುವಾಗ ಅವಳು ಹಲ್ಲು ಕಚ್ಚುತ್ತಿದ್ದಳು. ನನಗೆ ಬಾವನ ಕೊರಳಪಟ್ಟಿ ಹಿಡಿಯುವಷ್ಟು ಕೋಪ.

ಅರ್ಜಿಯಲ್ಲಿ ಬಾವ ನಾಚಿಕೊಂಡು “ವೈದ್ಯಕೀಯ ಖರ್ಚು” ಅಂತ ಬರೆದಿದ್ದರು. ಕೌಂಟರಿನ ಹೆಣ್ಣುಮಗಳು ಓದಿ, “ಯಾರಿಗೆ ಸರ್ ಹುಷಾರಿಲ್ಲ?” ಅಂದಳು.

ಹಿಂದೆ ಸಾಲಿನಲ್ಲಿ ಮಳವಳ್ಳಿಯ ಅರ್ಧ ಜನ ನಿಂತಿದ್ದರು. “ನಾನು ಸತ್ತ ಮೇಲಿನ ಔಷಧಿಗೆ” ಅನ್ನಲು ಬಾವನಿಗೆ ಬಾಯಿ ಬರಲಿಲ್ಲ.

“ನಂಗೆ ಕಣವ್ವ. ಮಂಡಿ ಆಪರೇಷನ್ನು. ಮಂಡ್ಯದ ಆಸ್ಪತ್ರೆ ಎಸರಿಗೇ ಚೆಕ್ ಬರ್ಕೊಡು,” ಅಂದಳು ಅಕ್ಕ. ಬಾವ ಕಣ್ಣೆತ್ತದೆ ಸಹಿ ಹಾಕಿದರು. ಪಕ್ಕದಲ್ಲೇ ಅಕ್ಕನೂ ಹಾಕಿದಳು.

ಹೊರಗೆ ಬಂದು ಬಾವ, “ಇಂಗ್ ಮಾಡ್ಬುಟ್ಟಲ್ಲೇ. ನಾಳೆ ನಾನು ಸತ್ರೆ ಏನ್ ಗತಿ?” ಅಂದರು.

ಅಕ್ಕ ನನ್ನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. “ಎಲ್ರಂಗೆ ಗದ್ದೇಲಿ ಮಣ್ಣು ಮಾಡ್ತೀವಿ ಬುಡಿ. ಅಲ್ಲಿಗಂಟ ನಿಮ್ಮಿಂದೆ ನಡ್ಕಂಡ್ ಬರಕಾದ್ರೂ ನಂಗೆ ಮಂಡಿ ಬ್ಯಾಡ್ವಾ?”