ನಮ್ಮಂಗಡಿಯ ಎದುರಿಗೊಂದು ಸೂಪರ್ ಮಾರ್ಕೆಟ್

ದಿನಸಿ ಅಂಗಡಿ ಇಟ್ಟವನು ನಗುವುದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ತಕ್ಕಡಿ ಹಿಂದೆ ಸುಮ್ಮನೆ ಕೂತರೆ ಸಾಕು, ನಗು ತಾನೇ ಚೀಲ ಹಿಡಿದುಕೊಂಡು ಬರುತ್ತದೆ. ತಾಳವಾಡಿ ಬಸ್‌ಸ್ಟ್ಯಾಂಡ್ ಬೀದಿಯಲ್ಲಿ ಅಪ್ಪನ ಕಾಲದಿಂದ ನಮ್ಮದೊಂದು ಅಂಗಡಿ ಇದೆ. ಹೋದ ವರ್ಷ ಅದರ ನೇರ ಎದುರಿಗೆ ಗಾಜಿನ ಬಾಗಿಲು, ಏಸಿ, ಕಂಪ್ಯೂಟರ್ ಬಿಲ್ಲು ಎಲ್ಲ ಇರುವ ಸೂಪರ್ ಮಾರ್ಕೆಟ್ ಬಂತು. ನಗು ರಸ್ತೆ ದಾಟಿ ಆ ಕಡೆ ಹೋಯಿತು. ಗಿರಾಕಿಗಳೂ ಅದರ ಹಿಂದೆಯೇ ಹೋದರು.

ನಮ್ಮ ಕಟ್ಟಡದ ಯಜಮಾನರು ಒಂದು ದಿನ ಬಂದು, "ಮೊಬೈಲ್ ಅಂಗ್ಡಿಯೋರು ಈ ಜಾಗ ಕೇಳ್ತಾವ್ರ. ನಿಂಗ ಆಗಲ್ಲ ಅಂದ್ರ ಸಂಕ್ರಾಂತಿ ಒಳಗ ಒಂದ್ ಮಾತು ಏಳ್ಬುಡಪ್ಪ" ಅಂದರು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ: "ಮೇಲಿನ ಬೀದಿ ಅಜ್ಜಿ ಎದುರಂಗಡಿಗ ಓದ ದಿನ ನಾನು ಬಾಗ್ಲು ಆಕ್ಬುಡ್ತೀನಿ."

ಆ ಅಜ್ಜಿ ಅಪ್ಪನ ಕಾಲದ ಗಿರಾಕಿ. ನಾನು ಚಡ್ಡಿ ಹಾಕಿಕೊಂಡು ಅಕ್ಕಿ ಮೂಟೆ ಮೇಲೆ ಕೂರುತ್ತಿದ್ದ ದಿನಗಳಿಂದ ನನ್ನ ತಕ್ಕಡಿಯನ್ನು ಅನುಮಾನಿಸುತ್ತಾ, ನನ್ನ ಹತ್ತಿರವೇ ಕೊಳ್ಳುತ್ತಾ ಬಂದವಳು. ಅವಳೂ ಬಿಟ್ಟುಹೋದರೆ ಮತ್ತೆ ಯಾರನ್ನು ನಂಬಿ ಬಾಗಿಲು ತೆಗೆಯಲಿ?

ಬಾಗಿಲಲ್ಲಿ ಚಪ್ಪಲಿ

ಸೂಪರ್ ಮಾರ್ಕೆಟ್ ಶುರುವಾದ ದಿನ ನಮ್ಮ ಜನ ಒಳಗಿನ ಬಿಳಿ ಟೈಲ್ಸ್ ನೋಡಿದರು. ಹೊಲದಿಂದ ಬಂದ ಕೆಸರುಗಾಲು ನೋಡಿಕೊಂಡರು. ಒಬ್ಬ ಚಪ್ಪಲಿ ಹೊರಗೆ ಬಿಟ್ಟ. ಅವನ ಹಿಂದಿನವನೂ ಬಿಟ್ಟ. ಹತ್ತು ಗಂಟೆ ಹೊತ್ತಿಗೆ ಬಾಗಿಲ ಮುಂದೆ ಮೂವತ್ತು ನಲವತ್ತು ಜೊತೆ ಚಪ್ಪಲಿ.

ಬಸ್ಸಿಳಿದ ಒಬ್ಬ ರೈತ ಅದನ್ನು ನೋಡಿ ಒಳಗೆ ಪೂಜೆ ನಡೀತಿದೆ ಅಂದುಕೊಂಡ. ತಾನೂ ಚಪ್ಪಲಿ ಬಿಟ್ಟು, ಟವೆಲ್ಲು ಸೊಂಟಕ್ಕೆ ಕಟ್ಟಿಕೊಂಡು ಒಳಗೆ ಹೋದ. ಮೊದಲ ದಿನವಾದ್ದರಿಂದ ಬಾಗಿಲಲ್ಲೇ ಒಬ್ಬ ಹುಡುಗಿ ತಟ್ಟೆ ಹಿಡಿದು, ಯಾವುದೋ ಹೊಸ ಬಿಸ್ಕತ್ತಿನ ರುಚಿ ನೋಡಿ ಅಂತ ಎಲ್ಲರಿಗೂ ಒಂದೊಂದು ಕೊಡುತ್ತಿದ್ದಳು. ಇವನು ಎರಡೂ ಕೈ ಚಾಚಿ ತೆಗೆದುಕೊಂಡ, ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡ, ಉಳಿದ ಪುಡಿಯನ್ನು ತಲೆಗೆ ಸವರಿಕೊಂಡ. ಆಮೇಲೆ ನನ್ನ ಅಂಗಡಿಗೆ ಬಂದು ಬೆಲ್ಲ ಕಟ್ಟಿಸಿಕೊಳ್ಳುತ್ತಾ ಕೇಳಿದ: "ಪ್ರಸಾದ ಏನೋ ಸಿಕ್ತು ಕಣಣ್ಣ. ದೇವ್ರ ಯಾವ್ ಕಡ ಕೂರ್ಸವ್ರ?"

ಎರಡು ಕಾಯಿ

ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್ ಸತ್ಯಮಂಗಲದ ಹುಡುಗ. ದಿಂಬಂ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡೇ ನಮ್ಮೂರಿಗೆ ಬಂದವನು. ಒಳ್ಳೆಯ ಮನುಷ್ಯ, ಆದರೆ ತಮಿಳು ಬಿಟ್ಟರೆ ಬೇರೆ ಮಾತಿಲ್ಲ. ನಮ್ಮದು ತಮಿಳುನಾಡಿನ ಗಡಿಯ ಕನ್ನಡದ ಊರು, ಹೆಚ್ಚಿನವರಿಗೆ ಎರಡೂ ಬರುವುದರಿಂದ ಹೇಗೋ ನಡೆಯುತ್ತಿತ್ತು.

ಒಂದು ಸೋಮವಾರ ಚಾಮರಾಜನಗರದ ಕಡೆಯಿಂದ ಗಂಡ ಹೆಂಡತಿ ಬೈಕಿನಲ್ಲಿ ಬಂದರು. ಗುಮಟಾಪುರದ ದೇವಸ್ಥಾನಕ್ಕೆ ಹೊರಟವರು. ನೇರ ಸೂಪರ್ ಮಾರ್ಕೆಟ್ಟಿಗೆ ಹೋಗಿ, "ಎರಡು ಕಾಯಿ ಕೊಡಿ" ಅಂದರು. ನಮಗೆ ಕಾಯಿ ಅಂದರೆ ತೆಂಗಿನಕಾಯಿ. ತಮಿಳಿನಲ್ಲಿ ಕಾಯ್ ಅಂದರೆ ತರಕಾರಿ. ಮ್ಯಾನೇಜರ್ ಅವರನ್ನು ಮರ್ಯಾದೆಯಿಂದ ತರಕಾರಿ ಸಾಲಿಗೆ ಕರೆದುಕೊಂಡು ಹೋಗಿ, ಯಾವ ಕಾಯಿ ಅಂತ ಬದನೆ, ಬೆಂಡೆ, ಹೀರೆ ಎಲ್ಲ ತೋರಿಸಿದ. ಗಂಡ ತಲೆಯಾಡಿಸಿ, ಎರಡೂ ಕೈ ಮೇಲೆತ್ತಿ ನೆಲಕ್ಕೆ ಅಪ್ಪಳಿಸುವಂತೆ ಮಾಡಿ, "ಒಡೆಯೋಕೆ! ದೇವರಿಗೆ!" ಅಂದ.

ಮ್ಯಾನೇಜರನ ಮುಖ ಅರಳಿತು. ಒಡೆಯುವ ಕಾಯಿ ಅಂದರೆ ಅವನಿಗೂ ಗೊತ್ತು. ದೃಷ್ಟಿ ತೆಗೆಯಲು ಅವರ ಕಡೆ ಅಮಾವಾಸ್ಯೆ ಅಮಾವಾಸ್ಯೆಗೆ ಒಡೆಯುತ್ತಾರೆ. ಒಳಗಿನಿಂದ ಎರಡು ದೊಡ್ಡ ಬೂದುಗುಂಬಳ ಹೊತ್ತು ತಂದು ಬಿಲ್ಲು ಮಾಡಿಕೊಟ್ಟ.

ಗಂಡ ಒಂದನ್ನು ತಬ್ಬಿಕೊಂಡು, ಹೆಂಡತಿ ಇನ್ನೊಂದನ್ನು ತಬ್ಬಿಕೊಂಡು ನನ್ನ ಅಂಗಡಿ ಮೆಟ್ಟಿಲು ಹತ್ತಿದರು. ಅವನು ಏದುಸಿರು ಬಿಡುತ್ತಾ ಕೇಳಿದ: "ಯಜಮಾನ್ರೇ, ಈ ಕಡೆ ದೇವ್ರಿಗೆ ಇದನ್ನೇ ಒಡೆಯೋದಾ? ಚಿಪ್ಪು ಮನೆಗೆ ತಗೊಂಡೋಗೋದು ಹೆಂಗೆ?"

ನಾನು ತೆಂಗಿನಕಾಯಿ ಕೊಟ್ಟು ಕಳಿಸಿದೆ. ಬೈಕಿನಲ್ಲಿ ಜಾಗವಿಲ್ಲ ಅಂತ ಕುಂಬಳಗಳನ್ನು ನನಗೇ ಬಿಟ್ಟುಹೋದರು. ನಮ್ಮನೆಯಲ್ಲಿ ನಾಲ್ಕು ದಿನ ಮಜ್ಜಿಗೆಹುಳಿ. ಎದುರಂಗಡಿಯಿಂದ ನನಗಾದ ಮೊದಲ ಲಾಭ ಅದು.

ತಂಪಿಗೆ ಬಂದವರು

ಅಷ್ಟು ಜನ ಅಲ್ಲಿ ಏನು ನೋಡಲು ಹೋಗುತ್ತಾರೆ ಅಂತ ನನಗೂ ಕುತೂಹಲ. ಒಂದು ಸಂಜೆ ಮಫ್ಲರ್ ಮುಖಕ್ಕೆ ಸುತ್ತಿಕೊಂಡು ನಾನೇ ಒಳಗೆ ಹೋದೆ. ಸೋಪಿನ ಸಾಲಿನಲ್ಲಿ ಯಾರೋ ಬರುವ ಸದ್ದಾಯಿತು. ಬೇಳೆ ಸಾಲಿಗೆ ಜಾರಿಕೊಂಡೆ. ಆ ಕಡೆಯವರೂ ನನ್ನ ಸದ್ದು ಕೇಳಿ ಎಣ್ಣೆ ಸಾಲಿಗೆ ಜಾರಿಕೊಂಡ ಹಾಗಿತ್ತು. ಹೀಗೇ ಎರಡು ಸುತ್ತಾಯಿತು. ಮೂರನೇ ಸುತ್ತಿಗೆ ಉಪ್ಪಿನಕಾಯಿ ಹತ್ತಿರ ಮುಖಾಮುಖಿ ಡಿಕ್ಕಿ ಹೊಡೆದೆವು. ಅವರು ಇಪ್ಪತ್ತು ವರ್ಷ ನನ್ನ ಅಂಗಡಿಯಲ್ಲೇ ಕೊಂಡ ಪಕ್ಕದ ಬೀದಿಯ ಮೇಷ್ಟ್ರು. ನನ್ನನ್ನು ಕಂಡದ್ದೇ ಕೈಯಲ್ಲಿದ್ದ ಸೋಪನ್ನು ಸ್ವೆಟರಿನೊಳಗೆ ಅವಿತಿಟ್ಟುಕೊಂಡರು.

"ಏನೂ ತಗೊಳ್ಳೋಕೆ ಬರ್ಲಿಲ್ಲ ಕಣಪ್ಪ" ಅಂದರು ಮೇಷ್ಟ್ರು. "ಏಸಿ ಇದೆಯಲ್ಲ, ಸುಮ್ನೆ ತಂಪಿಗೆ ಬಂದೆ."

"ನಾನೂ ತಂಪಿಗೇ ಬಂದದ್ದು ಮೇಷ್ಟ್ರೇ" ಅಂದೆ.

ಅದು ಮಾಗಿ ತಿಂಗಳು. ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಜನ ಬೆಂಕಿ ಹಾಕಿಕೊಂಡು ಕೈ ಕಾಯಿಸುತ್ತಿದ್ದರು.

ಎಸರು ಮತ್ತು ಕೊಸರು

ಸಂಕ್ರಾಂತಿಗೆ ಮೂರು ದಿನವಿತ್ತು. ಬೆಳಗ್ಗೆ ತಕ್ಕಡಿ ಒರೆಸುತ್ತಿದ್ದೆ. ಮೇಲಿನ ಬೀದಿ ಅಜ್ಜಿ ಚೀಲ ಹಿಡಿದು ಬಂದಳು. ನನ್ನ ಕಡೆ ನೋಡಿದಳು. ನೋಡಿ, ಎದುರಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ಒರೆಸುವ ಬಟ್ಟೆ ಹಾಗೇ ಕೆಳಗಿಟ್ಟೆ. ಮುಗಿಯಿತು ಅಂದುಕೊಂಡೆ. ನನಗೆ ಅಳುವೇ ಬಂತು, ಅದನ್ನು ಮುಚ್ಚಿಟ್ಟು ಏನಾಗಬೇಕು?

ಒಳಗೆ ನಡೆದದ್ದನ್ನು ಮ್ಯಾನೇಜರನೇ ಆಮೇಲೆ ನನಗೆ ಹೇಳಿದ. ಅಷ್ಟರಲ್ಲಿ ಅವನು ನಾಲ್ಕು ಕನ್ನಡ ಮಾತು ಕಲಿತಿದ್ದ. ಬಿಲ್ಲಿಗೆ ಗಿರಾಕಿಯ ಹೆಸರು ಕೇಳಬೇಕಲ್ಲ, ಅದಕ್ಕೆ ಮೊದಲು ಕಲಿತದ್ದೇ ಆ ಮಾತು, ಅದೂ ಹಕಾರ ನುಂಗುವ ನಮ್ಮೂರವರ ಬಾಯಲ್ಲಿ ಬರುವ ಹಾಗೆ: ಎಸರು. ಅಜ್ಜಿಗೆ ತಮಿಳು ಬಾರದು, ಬೇಕಾಗಿದ್ದದ್ದು ಹೆಸರುಕಾಳು. ಅವಳು ಹೋದವಳೇ, "ಎಸರು ಏಳಪ್ಪ, ಎಲ್ಲದ?" ಅಂದಳು.

ಮ್ಯಾನೇಜರ್ ಖುಷಿಯಾಗಿ ತನ್ನ ಹೆಸರು ಹೇಳಿದ.

"ಅದಲ್ಲ ಕಣ್ಲಾ, ಎಸರು, ಎಸರು!"

ಇನಿಷಿಯಲ್ ಸೇರಿಸಿ ಇನ್ನೊಂದು ಸಲ ಹೇಳಿದ. ಆಮೇಲೆ ಅಪ್ಪನ ಹೆಸರನ್ನೂ ಹೇಳಿದ.

"ಅಯ್ಯೋ, ನಿಮ್ಮಪ್ಪನ ಎಸರ ನಾನೇನ್ ನೆನ ಆಕ್ಕಂಡ್ ಮೊಳಕ ಕಟ್ಲಾ? ಅರ್ಧ ಕೇಜಿ ಕೊಡ್ಲಾ ಅಂದ್ರ!"

ಕೊನೆಗೆ ಅವಳೇ ಸಾಲು ಹುಡುಕಿ ಹೆಸರುಕಾಳಿನ ಪ್ಯಾಕೆಟ್ಟು ತಂದು ಮೇಜಿನ ಮೇಲಿಟ್ಟು, "ಕೊಸರು ಆಕು" ಅಂದಳು. ಕೊಸರು ಅಂದರೆ ತೂಕ ಮುಗಿದ ಮೇಲೆ ಅಂಗಡಿಯವನು ಸುಮ್ಮನೆ ಹಾಕುವ ಒಂದು ಹಿಡಿ. ವಿಚಿತ್ರ ನೋಡಿ, ಕಾಯಿಗೂ ಎಸರಿಗೂ ಅಷ್ಟು ಒದ್ದಾಡಿದ ಮ್ಯಾನೇಜರನಿಗೆ ಈ ಮಾತು ತಕ್ಷಣ ಅರ್ಥವಾಯಿತು. ತಮಿಳಿನಲ್ಲೂ ಅದು ಕೊಸುರೇ, ಅವನ ಅಜ್ಜಿಯೂ ಕೇಳುವವಳೇ. ಆದರೆ ಅಂಟಿಸಿದ ಪ್ಯಾಕೆಟ್ಟಿಗೆ ಕೊಸರು ಎಲ್ಲಿಂದ ಹಾಕುವುದು? ಪಾಪ, ಕೈ ಮುಗಿದು ನಿಂತ.

ಅಜ್ಜಿ ರಸ್ತೆ ದಾಟಿ ನನ್ನ ಹತ್ತಿರ ಬಂದಳು. ಪ್ಯಾಕೆಟ್ಟನ್ನು ನನ್ನ ತಕ್ಕಡಿಯಲ್ಲಿಟ್ಟು, "ತೂಗ್ಲಾ" ಅಂದಳು.

ತೂಗಿದೆ. "ಸರ್ಯಾಗದ ಕಣಜ್ಜಿ. ಒಂದ್ ಕಾಳೂ ಕಮ್ಮಿಯಿಲ್ಲ."

"ಎಚ್ಚೂ ಇಲ್ವಲ್ಲ! ಕೊಸರು ಆಕು ಅಂದ್ರ ಕೈ ಮುಗೀತಾನ. ನೀ ಆಕು."

"ಅಲ್ಲಜ್ಜಿ, ಕಾಳು ಅಲ್ಲಿ ತಕ್ಕಂಡು ಕೊಸರು ಇಲ್ಲಿ ಕೇಳ್ತೀಯಲ್ಲ, ನ್ಯಾಯವಾ?"

"ಎಂಗದ ಅಂತ ನಾ ಒಂದ್ ದಿನ ನೋಡಕ ಓಗಿದ್ದಿ ಕಣ್ಲಾ. ಬೆಲ್ಲ, ಉಣಸಣ್ಣು, ಮೆಣಸಿನಕಾಯಿ ಎಲ್ಲ ನೀನೇ ಕಟ್ಬೇಕು. ಮೊದ್ಲು ಕೊಸರು ಆಕು."

ನಾನು ಹೆಸರುಕಾಳಿನ ಮೂಟೆಗೆ ಕೈ ಹಾಕಿ, ಒಂದಲ್ಲ, ಎರಡು ಹಿಡಿ ಅವಳ ಚೀಲಕ್ಕೆ ಹಾಕಿದೆ.

ಅದೇ ಹೊತ್ತಿಗೆ ಕಟ್ಟಡದ ಯಜಮಾನರು ನನ್ನ ಉತ್ತರ ಕೇಳಲು ಬಂದು ಮೆಟ್ಟಿಲ ಮೇಲೆ ನಿಂತಿದ್ದರು. ಒಂದು ಕೈ ಬೆನ್ನ ಹಿಂದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಬಾಯಿ ತೆಗೆಯುವ ಮೊದಲೇ ಅಜ್ಜಿ ಅವರ ಕಡೆ ತಿರುಗಿದಳು: "ಇವ ಎಲ್ಗೂ ಓಗಲ್ಲ ಕಣಪ್ಪ. ಇವ ಓದ್ರ ಈ ಊರ್ಗ ಕೊಸರು ಆಕೋರ್ಯಾರು?"

"ಹೌದು ಯಜಮಾನ್ರೇ, ನಾನು ಖಾಲಿ ಮಾಡಲ್ಲ" ಅಂದೆ.

ಯಜಮಾನರು ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. "ಸರಿ ಬುಡು, ಮೊಬೈಲ್ನೋರ್ಗ ಬ್ಯಾರೆ ಜಾಗ ನೋಡನ" ಅಂದರು. ಆಮೇಲೆ ಬೆನ್ನ ಹಿಂದಿದ್ದ ಕೈ ಮುಂದೆ ತಂದರು. ಎದುರಂಗಡಿಯ ಹೊಳೆಯುವ ಚೀಲ. ಅದರಿಂದ ಎರಡು ಕೇಜಿ ತೊಗರಿಬೇಳೆ ತೆಗೆದು ನನ್ನ ತಕ್ಕಡಿ ಮೇಲಿಟ್ಟು ಹೇಳಿದರು:

"ಇದ್ಕೂ ಆಕು."